ಮೊಲಕ್ಕೆ ಜಳಕ ಬೇಡ, ಮೊಲದ ಮನೆಗೆ ಬೇಕು



ಕಳೆದ ಚಳಿಗಾಲದಲ್ಲಿ ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯ ಶಾಲೆಯೊಂದಕ್ಕೆ ಹೋಗಿದ್ದೆ. ವಿಜ್ಞಾನ ಕಿಟ್‌ನಲ್ಲಿದ್ದ ಭೂತಕನ್ನಡಿ, ಉಷ್ಣತಾಮಾಪಕಗಳನ್ನು ತೋರಿಸಿ ಪಾಠ ಮುಗಿಸಿದ ಮೇಲೆ, "ಯಾರಾದರೂ ಏನಾದರೂ ಕೇಳುವುದಿದೆಯೇ?" ಎಂದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

"ಸರ್, ನಮ್ಮ ಮೊಲದ ಮರಿ ಭಾಳ ಹೊಲಸ ಆಗೇತ್ರಿ. ಅದಕ್ಕ ಯಾವ ಸಾಬೂನ ಹಚ್ಚಿ ಜಳಕಾ ಮಾಡಸಬೇಕ್ರಿ?"

ತರಗತಿಯಲ್ಲಿ ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಇದೇ ಪ್ರಶ್ನೆ ಬಹಳ ವರ್ಷಗಳ ಹಿಂದೆ ನನ್ನ ತಲೆಯಲ್ಲಿಯೂ ಬಂದಿತ್ತು. ಆದರೆ ನಾನು ಅದನ್ನು ಯಾರಿಗೂ ಕೇಳಿರಲಿಲ್ಲ. ಕೇಳದೇ ಮಾಡಿದ ಆ ಕೆಲಸದ ಕಥೆಯನ್ನು ಇಂದು ನಿಮಗೆ ಹೇಳುತ್ತೇನೆ.

ನನ್ನ ಅರಳಿ

ಅದು 1991ನೆಯ ಇಸವಿ. ನಾನೂ ಆಗ ಆರನೆಯ ತರಗತಿಯಲ್ಲಿದ್ದೆ. ಅಪ್ಪ ಸಂತೆಯಿಂದ ಒಂದು ಬಿಳಿ ಮೊಲದ ಮರಿಯನ್ನು ಬುಟ್ಟಿಯಲ್ಲಿಟ್ಟು ತಂದಿದ್ದರು. ನನ್ನ ಎರಡು ಅಂಗೈ ಸೇರಿಸಿದರೆ ಅದರಲ್ಲಿ ಕೂರುವಷ್ಟು ಚಿಕ್ಕದು. ಹಿಂಜಿದ ಹತ್ತಿಯಂತೆ ಕಾಣುತ್ತಿತ್ತು. ನಮ್ಮ ಕಡೆ ಹತ್ತಿಗೆ ಅರಳಿ ಎನ್ನುತ್ತಾರಲ್ಲ, ಅದಕ್ಕೇ ಅದಕ್ಕೆ ‘ಅರಳಿ’ ಎಂದು ಹೆಸರಿಟ್ಟೆ.

ಅರಳಿಯನ್ನು ಹಿತ್ತಲಿನ ಒಂದು ಹಳೆಯ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಇಟ್ಟೆವು. ಹುಲ್ಲು ಹಾಕುತ್ತಿದ್ದೆ, ನೀರು ಇಡುತ್ತಿದ್ದೆ. ಆದರೆ ಪೆಟ್ಟಿಗೆಯನ್ನು ಸ್ವಚ್ಛ ಮಾಡುವುದು ಮಾತ್ರ ನೆನಪಾದಾಗ ಒಮ್ಮೆ. ಹದಿನೈದು ದಿನಗಳಲ್ಲಿ ಅದರ ಬಿಳಿ ಕಾಲುಗಳು ಹಳದಿಯಾದವು. ಬಾಲದ ಸುತ್ತ ಹೊಲಸು ಅಂಟಿಕೊಂಡಿತು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಅಂದು ಬೆಳಿಗ್ಗೆ ಅವ್ವ ನಮಗೆಲ್ಲ ಎಳ್ಳು ಹಚ್ಚಿ ಜಳಕ ಮಾಡಿಸಿದಳು. ಹಬ್ಬದ ದಿನ ಮನೆಯವರೆಲ್ಲ ಜಳಕ ಮಾಡಿದ ಮೇಲೆ ಅರಳಿ ಮಾತ್ರ ಹೊಲಸಾಗಿರುವುದು ಸರಿಯೇ ಎಂದು ನನಗೆ ಅನಿಸಿತು. ಅವ್ವನಿಗೆ ಹೇಳಿದೆ. ಅವಳು ಸಜ್ಜಿ ರೊಟ್ಟಿ ಬಡಿಯುತ್ತಲೇ, "ಅದು ಯಾವಾಗ ನೋಡಿದ್ರೂ ಮೈ ನೆಕ್ಕೋತ ಕುಂತಿರತೈತಿ. ಅದಕ್ಕ ಯಾಕೋ ಜಳಕಾ?" ಎಂದಳು. ಅವ್ವ ಕಣ್ಣಿಂದ ನೋಡಿ ತಿಳಿದುಕೊಂಡದ್ದನ್ನು ಹೇಳಿದ್ದಳು. ನಾನು ಕೇಳಲಿಲ್ಲ. ಬಕೆಟ್ಟಿನಲ್ಲಿ ನೀರು ತುಂಬಿ, ಅರಳಿಯನ್ನು ಅದರಲ್ಲಿ ಇಳಿಸಿ, ಸಾಬೂನು ಹಚ್ಚಿ ತಿಕ್ಕಿದೆ. ಅದು ಕಾಲು ಝಾಡಿಸಿತು, ನಡುಗಿತು. ಚೆನ್ನಾಗಿ ತೊಳೆದು ಬಿಸಿಲಿಗೆ ಬಿಟ್ಟು ಗೆಳೆಯರಿಗೆ ಎಳ್ಳು ಬೆಲ್ಲ ಕೊಡಲು ಓಡಿದೆ.

ಸಂಜೆ ಬಂದು ನೋಡಿದರೆ ಅರಳಿ ಮೂಲೆಯಲ್ಲಿ ಮುದುಡಿ ಕುಳಿತಿತ್ತು. ಹೊಟ್ಟೆಯ ಕೆಳಗಿನ ಕೂದಲು ಇನ್ನೂ ಒದ್ದೆಯಾಗಿತ್ತು. ಹುಲ್ಲು ಮುಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಸೈಕಲ್ಲಿನ ಮೇಲೆ ನನ್ನನ್ನೂ ಅರಳಿಯ ಬುಟ್ಟಿಯನ್ನೂ ಕೂರಿಸಿಕೊಂಡು ದನದ ದವಾಖಾನೆಗೆ ಕರೆದೊಯ್ದರು. ಡಾಕ್ಟರರು ಅದನ್ನು ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ ತಮ್ಮಿಂದಾದುದನ್ನೆಲ್ಲ ಮಾಡಿದರು. ಆದರೆ ಮಧ್ಯಾಹ್ನದ ಹೊತ್ತಿಗೆ ಅರಳಿ ಸತ್ತುಹೋಯಿತು.

ನಾನು ಅಳುತ್ತಿದ್ದೆ. ಡಾಕ್ಟರರು ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ಮೊಲಾನ ತೊಳೀಬಾರದೋ, ಮೊಲದ ಮನಿ ತೊಳೀಬೇಕು" ಎಂದರು. ಮುಂದೆ ನಾನು ವಿಜ್ಞಾನ ಓದಿದೆ, ಎಂ.ಎಸ್ಸಿ. ಮಾಡಿದೆ. ಓದುತ್ತ ಹೋದಂತೆ ಆ ಒಂದು ಮಾತಿನಲ್ಲಿ ಎಷ್ಟೊಂದು ವಿಜ್ಞಾನ ಅಡಗಿದೆ ಎಂಬುದು ತಿಳಿಯಿತು. ಬನ್ನಿ, ಅದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಜಳಕ ಏಕೆ ಬೇಡ?

ಮೊಲದ ದೇಹದ ಉಷ್ಣತೆ ಸುಮಾರು 39 ಡಿಗ್ರಿ ಸೆಲ್ಸಿಯಸ್. ನಮಗಿಂತ ಹೆಚ್ಚು. ಈ ಶಾಖವನ್ನು ಕಾಪಾಡುವುದು ಅದರ ದಟ್ಟವಾದ ಕೂದಲು. ಕೂದಲಿನ ನಡುವೆ ಸಿಕ್ಕಿಕೊಂಡ ಗಾಳಿ ಕಂಬಳಿಯಂತೆ ಕೆಲಸ ಮಾಡುತ್ತದೆ. ನೀರಿನಲ್ಲಿ ಅದ್ದಿದ ಕೂಡಲೇ ಆ ಗಾಳಿ ಹೊರಟುಹೋಗುತ್ತದೆ. ದಟ್ಟ ಕೂದಲು ಒಣಗಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತೂ ನೀರು ಆವಿಯಾಗುತ್ತ ದೇಹದ ಶಾಖವನ್ನು ಎಳೆದುಕೊಳ್ಳುತ್ತಿರುತ್ತದೆ.

ಮರಿಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಏಕೆ ಗೊತ್ತೇ? ಹಂಡೆಯ ತುಂಬ ಕಾಯಿಸಿದ ನೀರು ಬಹಳ ಹೊತ್ತು ಬಿಸಿಯಾಗಿರುತ್ತದೆ. ಬಟ್ಟಲಿನಲ್ಲಿ ಹಾಕಿದ ಚಹಾ ಬೇಗ ಆರಿಹೋಗುತ್ತದೆ. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಶಾಖ ಹೊರಹೋಗುವುದು ಹೊರಮೈಯಿಂದಲೇ ಅಲ್ಲವೇ? ಮೊಲದ ಮರಿ ಬಟ್ಟಲಿನ ಚಹಾ ಇದ್ದಂತೆ.

ಇನ್ನೊಂದು ಕಾರಣ ಹೆದರಿಕೆ. ಮೊಲ ಬೇಟೆಗೆ ಬಲಿಯಾಗುವ ಪ್ರಾಣಿ. ಯಾರಾದರೂ ಬಿಗಿಯಾಗಿ ಹಿಡಿದರೆ ತನ್ನನ್ನು ತಿನ್ನಲು ಹಿಡಿದರು ಎಂದೇ ಅದಕ್ಕೆ ಅನಿಸುತ್ತದೆ. ಸುಮ್ಮನಿದ್ದಾಗಲೂ ಅದರ ಹೃದಯ ನಿಮಿಷಕ್ಕೆ 180ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಹೆದರಿದಾಗ ಈ ಬಡಿತ ಇನ್ನೂ ಏರುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಬಿಡಿಸಿಕೊಳ್ಳಲು ಜೋರಾಗಿ ಒದ್ದರೆ ಬೆನ್ನುಮೂಳೆಯೇ ಮುರಿಯಬಹುದು. ಮೊಲವನ್ನು ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಗಾಲುಗಳ ಕೆಳಗೆ ಇರಬೇಕು. ಕಿವಿ ಹಿಡಿದು ಎಂದೂ ಎತ್ತಬೇಡಿ.

ಹಾಗಾದರೆ ಮೊಲದ ಮೈ ಸ್ವಚ್ಛವಾಗುವುದು ಹೇಗೆ? ನಮ್ಮ ಅವ್ವ ಹೇಳಿದಂತೆ ಅದು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ಮುಂಗಾಲುಗಳಿಂದ ಮುಖ ಒರೆಸಿಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಇದೆ. ಮೈಮೇಲೆ ಬಿದ್ದದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಹೇನು, ಉಣ್ಣೆ ಇವೆಯೆಂದು ಬೆಳೆಗೆ ಹೊಡೆಯುವ ಪುಡಿಯನ್ನಾಗಲಿ ನಾಯಿಗೆ ಹಚ್ಚುವ ಔಷಧವನ್ನಾಗಲಿ ಹಚ್ಚಬೇಡಿ. ಮೊಲ ಸಾಯಬಹುದು.

ಬಾಲದ ಸುತ್ತ ಹೊಲಸು ಅಂಟಿದ್ದರೆ ಅಷ್ಟು ಭಾಗವನ್ನು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಿ ಒಣಗಿಸಿ. ಕೂದಲು ಉದುರುವ ಕಾಲದಲ್ಲಿ ಮೆತ್ತಗಿನ ಬ್ರಷ್‌ನಿಂದ ಬಾಚಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಆದ್ದರಿಂದ ನುಂಗಿದ ಕೂದಲು ಬಾಯಿಯಿಂದ ಹೊರಬರಲಾರದು.

ಎರಡು ಬಗೆಯ ಹಿಕ್ಕೆ

ಮೊಲ ಕೆಲವೊಮ್ಮೆ ತನ್ನ ಹಿಕ್ಕೆಯನ್ನೇ ತಿನ್ನುವುದನ್ನು ಕಂಡು ನಾನು ಅರಳಿಗೆ ಗದರಿಸುತ್ತಿದ್ದೆ. ಅದೂ ನನ್ನ ತಪ್ಪೇ.

ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ಕಡಲೆಯಂತೆ ದುಂಡಗೆ, ಒಣಗಿ ಗಟ್ಟಿಯಾಗಿರುವುದು. ಇನ್ನೊಂದು ದ್ರಾಕ್ಷಿ ಗೊಂಚಲಿನಂತೆ ಅಂಟಂಟಾಗಿ ಮೆತ್ತಗಿರುವುದು. ಈ ಎರಡನೆಯದು ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ ಬರುತ್ತದೆ. ಮೊಲ ಅದನ್ನು ನೆಲಕ್ಕೆ ಬೀಳಗೊಡದೆ ಬಾಯಿಯಿಂದಲೇ ತೆಗೆದುಕೊಳ್ಳುತ್ತದೆ. ಹುಲ್ಲು ಜೀರ್ಣವಾಗುವುದು ಕಷ್ಟ. ಎಮ್ಮೆ, ಆಕಳುಗಳು ಮೆಲುಕು ಹಾಕುತ್ತವೆ. ಮೊಲ ಮೆಲುಕು ಹಾಕುವುದಿಲ್ಲ. ಅದರ ದೊಡ್ಡ ಕರುಳಿನ ಆರಂಭದಲ್ಲಿರುವ ಒಂದು ಚೀಲದಲ್ಲಿ ಬ್ಯಾಕ್ಟೀರಿಯಾಗಳು ಹುಲ್ಲನ್ನು ಕೊಳೆಸಿ ಬಿ ಗುಂಪಿನ ಜೀವಸತ್ವ ಮತ್ತು ಪ್ರೋಟೀನುಗಳನ್ನು ತಯಾರಿಸುತ್ತವೆ. ಮೆತ್ತನೆಯ ಹಿಕ್ಕೆಯಲ್ಲಿರುವುದು ಅದೇ. ಇದು ಮೊಲದ ಎರಡನೆಯ ಊಟ. ತಡೆಯಬೇಡಿ.

ತೆಗೆದುಹಾಕಬೇಕಾದದ್ದು ನೆಲಕ್ಕೆ ಬಿದ್ದು ಉಳಿದ ಹಿಕ್ಕೆಯನ್ನು. ಅದನ್ನು ದಿನವೂ ತೆಗೆಯಲೇಬೇಕು. ಏಕೆಂದರೆ ಅದರಲ್ಲಿ ಒಂದು ಕಾಣದ ಶತ್ರು ಇರಬಹುದು.

ಎರಡು ದಿನಗಳ ಲೆಕ್ಕ

ಒಂದರಿಂದ ಮೂರು ತಿಂಗಳ ಮೊಲದ ಮರಿಗಳನ್ನು ಹೆಚ್ಚಾಗಿ ಕಾಡುವ ರೋಗ ಕಾಕ್ಸಿಡಿಯೋಸಿಸ್. ಐಮೀರಿಯಾ ಎಂಬ ಏಕಕೋಶ ಜೀವಿ ಇದಕ್ಕೆ ಕಾರಣ. ಇದರಲ್ಲಿ ಕೆಲವು ಬಗೆಗಳು ಕರುಳಿನಲ್ಲಿ, ಒಂದು ಬಗೆ ಪಿತ್ತಜನಕಾಂಗದಲ್ಲಿ ಬೆಳೆಯುತ್ತವೆ. ಮರಿಗೆ ಭೇದಿಯಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ತೂಕ ಇಳಿಯುತ್ತದೆ. ಬಹಳಷ್ಟು ಮರಿಗಳು ಸಾಯುತ್ತವೆ.

ಹಾಲೆಂಡಿನ ಲೇವನ್‌ಹುಕ್ ಹೆಸರನ್ನು ನೀವು ಸೂಕ್ಷ್ಮಜೀವಿಗಳ ಪಾಠದಲ್ಲಿ ಕೇಳಿರಬಹುದು. ಆತ 1674ರಲ್ಲಿ ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ಮೊಲವೊಂದರ ಪಿತ್ತರಸವನ್ನು ನೋಡಿದಾಗ ಮೊಟ್ಟೆಯಾಕಾರದ ಕಣಗಳು ಕಂಡವು. ಅವು ಈ ಐಮೀರಿಯಾದ ಕೋಶಗಳೇ ಇರಬೇಕು ಎಂದು ವಿಜ್ಞಾನಿಗಳು ಹೇಳುತ್ತಾರೆ. ಪರಾವಲಂಬಿ ಏಕಕೋಶ ಜೀವಿಯೊಂದನ್ನು ಮನುಷ್ಯ ಮೊದಲ ಬಾರಿಗೆ ಕಂಡದ್ದು ಮೊಲದಲ್ಲಿಯೇ ಎಂದಾಯಿತು!

ಈಗ ಒಂದು ಸ್ವಾರಸ್ಯದ ಸಂಗತಿ ಕೇಳಿ. ರೋಗ ತಗುಲಿದ ಮೊಲದ ಹಿಕ್ಕೆಯೊಂದಿಗೆ ಹೊರಬಿದ್ದ ಕೂಡಲೇ ಈ ಕೋಶಗಳು ರೋಗ ಹರಡಲಾರವು. ಅವು ‘ಪಕ್ವ’ವಾಗಲು ಗಾಳಿ, ತೇವ, ಬೆಚ್ಚಗಿನ ವಾತಾವರಣ ಇವು ಬೇಕು. ಜೊತೆಗೆ ಸುಮಾರು ಎರಡು ದಿನಗಳ ಸಮಯವೂ ಬೇಕು. ಆಮೇಲೆ ಹುಲ್ಲಿನೊಂದಿಗೋ ನೀರಿನೊಂದಿಗೋ ಮೊಲದ ಹೊಟ್ಟೆ ಸೇರಿದರೆ ರೋಗ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಶತ್ರುವಿಗೆ ಸುಮಾರು ಎರಡು ದಿನ ಬೇಕು. ನೀವು ದಿನವೂ ಗೂಡು ಸ್ವಚ್ಛ ಮಾಡಿದರೆ ಅದು ಸಿದ್ಧವಾಗುವ ಮೊದಲೇ ಹೊರಗೆ ಹೋಗಿರುತ್ತದೆ. ವಾರಕ್ಕೊಮ್ಮೆ ಮಾತ್ರ ಮಾಡಿದರೆ ಅದಕ್ಕೆ ಬೇಕಾದಷ್ಟು ಸಮಯ ಕೊಟ್ಟಂತೆ. ನನ್ನ ಅರಳಿಯ ಪೆಟ್ಟಿಗೆ ಹದಿನೈದು ದಿನ ಹಾಗೆಯೇ ಇತ್ತು. ಅದರ ಬಾಲಕ್ಕೆ ಅಂಟಿದ್ದ ಹೊಲಸು ಬರೀ ಹೊಲಸಾಗಿರದೆ ಭೇದಿಯ ಗುರುತೂ ಆಗಿದ್ದಿರಬಹುದು ಎಂದು ಈಗ ಅನಿಸುತ್ತದೆ. ಅಂದು ನಾನು ಗುರುತನ್ನು ತೊಳೆದೆ, ಕಾರಣವನ್ನು ಹಾಗೆಯೇ ಬಿಟ್ಟೆ.

ಮೊಲದ ಮನೆ ಹೇಗಿರಬೇಕು?

ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿರಲಿ. ತಳಕ್ಕೆ ಸಣ್ಣ ಕಣ್ಣಿನ ಜಾಳಿಗೆ ಹಾಕಿದರೆ ಹಿಕ್ಕೆ, ಮೂತ್ರ ಕೆಳಗೆ ಬೀಳುತ್ತವೆ. ಆದರೆ ಬರೀ ತಂತಿಯ ಮೇಲೆ ನಿಂತರೆ ಕಾಲಿಗೆ ಹುಣ್ಣಾಗುತ್ತದೆ. ಮೊಲಕ್ಕೆ ನಾಯಿ, ಬೆಕ್ಕುಗಳಿಗಿರುವಂತೆ ಅಂಗಾಲಿನಲ್ಲಿ ಮೆತ್ತೆ ಇಲ್ಲ. ಆದ್ದರಿಂದ ಅರ್ಧ ಭಾಗಕ್ಕೆ ಹಲಗೆ ಹಾಕಿ, ಮೇಲೆ ಒಣಹುಲ್ಲು ಹಾಸಿ. ಮೂಲೆಯಲ್ಲಿ ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಇಡಿ.

ದಿನವೂ ಬೆಳಿಗ್ಗೆ ಹಿಕ್ಕೆ, ಒದ್ದೆ ಹುಲ್ಲು, ಉಳಿದ ಸೊಪ್ಪು ತೆಗೆಯಿರಿ. ನೀರಿನ ಪಾತ್ರೆ ತಿಕ್ಕಿ ತೊಳೆದು ಹೊಸ ನೀರು ತುಂಬಿ. ವಾರಕ್ಕೊಮ್ಮೆ ಮೊಲವನ್ನು ನೆರಳಿನಲ್ಲಿ ಬುಟ್ಟಿಯೊಳಗಿಟ್ಟು, ಗೂಡನ್ನು ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆಯಿರಿ. ಐಮೀರಿಯಾ ಕೋಶಗಳ ಗೋಡೆ ಬಹಳ ಗಟ್ಟಿ. ಫಿನಾಯಿಲಿಗೆ ಅವು ಸುಲಭವಾಗಿ ಬಗ್ಗುವುದಿಲ್ಲ. ಕುದಿಯುವ ನೀರಿಗೆ, ಒಣ ಬಿಸಿಲಿಗೆ ಬಗ್ಗುತ್ತವೆ. ಕುದಿಯುವ ನೀರು ಸುರಿಯುವ ಕೆಲಸವನ್ನು ಮಾತ್ರ ದೊಡ್ಡವರಿಂದ ಮಾಡಿಸಿ. ಗೂಡು ಪೂರ್ತಿ ಒಣಗಿದ ಮೇಲೆಯೇ ಮೊಲವನ್ನು ಒಳಗೆ ಬಿಡಿ.

ಗೂಡಿನ ಮೂಲೆಯಲ್ಲಿ ಸುಣ್ಣದಂತಹ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಾ? ಮೊಲ ತಿಂದ ಹೆಚ್ಚಿನ ಕ್ಯಾಲ್ಸಿಯಂ ಮೂತ್ರದೊಂದಿಗೆ ಹೊರಬರುತ್ತದೆ. ಒಣಗಿದಾಗ ಉಳಿಯುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಇದರ ಮೇಲೆ ನಿಂಬೆರಸ ಹಾಕಿ ನೋಡಿ, ಗುಳ್ಳೆಗಳು ಏಳುತ್ತವೆ, ಪದರ ಸಡಿಲಾಗುತ್ತದೆ. ಆಮ್ಲಗಳ ಪಾಠ ನೆನಪಾಯಿತೇ?

ಗೂಡಿನ ಹತ್ತಿರ ಮೂಗು ಚುರುಗುಟ್ಟುವ ವಾಸನೆ ಬಂದರೆ ಅದು ಮೂತ್ರದಿಂದ ಹುಟ್ಟಿದ ಅಮೋನಿಯಾ ಅನಿಲ. ನಿಮಗೇ ವಾಸನೆ ಬರುತ್ತಿದ್ದರೆ, ಅದರ ಮೇಲೆಯೇ ಮೂಗಿಟ್ಟು ಮಲಗುವ ಮೊಲದ ಗತಿ ಏನು? ಅಮೋನಿಯಾ ಮೂಗಿನ, ಶ್ವಾಸಕೋಶದ ಒಳಪದರವನ್ನು ಕೆಡಿಸುತ್ತದೆ. ಆಗ ನೆಗಡಿಯ ರೋಗಾಣುಗಳು ಸುಲಭವಾಗಿ ಒಳಸೇರುತ್ತವೆ. ಮಳೆಗಾಲದಲ್ಲಿ ಇನ್ನೊಂದು ಅಪಾಯ: ಹೊಲಸಾದ ಕೂದಲಿನಲ್ಲಿ ನೊಣಗಳು ಮೊಟ್ಟೆಯಿಡುತ್ತವೆ. ಒಂದೇ ದಿನದಲ್ಲಿ ಹುಳುಗಳಾಗಿ ಚರ್ಮ ಕೊರೆಯತೊಡಗುತ್ತವೆ.

ಊಟ ಮತ್ತು ಬಿಸಿಲು

ಮರಿಯನ್ನು ತಾಯಿಯಿಂದ ಆರರಿಂದ ಎಂಟು ವಾರ ತುಂಬುವ ಮೊದಲು ಬೇರೆ ಮಾಡಬಾರದು. ಹೊಸದಾಗಿ ತಂದಾಗ ಮೊದಲಿನ ಮನೆಯಲ್ಲಿ ಏನು ತಿನ್ನುತ್ತಿತ್ತು ಎಂದು ಕೇಳಿ, ಅದನ್ನೇ ಕೊಡಿ. ಹೊಸ ಮೇವನ್ನು ಸ್ವಲ್ಪ ಸ್ವಲ್ಪವಾಗಿ, ಏಳೆಂಟು ದಿನಗಳಲ್ಲಿ ರೂಢಿ ಮಾಡಿಸಿ. ಮುಖ್ಯ ಆಹಾರ ಒಣಹುಲ್ಲು. ಜೊತೆಗೆ ಕರಕಿ, ಕುದುರೆ ಮೆಂತೆ ಕೊಡಬಹುದು. ಔಷಧ ಹೊಡೆದ ಹೊಲದ ಬದುವಿನಿಂದ ಹುಲ್ಲು ತರಬೇಡಿ. ಸೊಪ್ಪನ್ನು ತೊಳೆದು ನೀರು ಆರಿದ ಮೇಲೆ ಕೊಡಿ. ರೊಟ್ಟಿ, ಅನ್ನ, ಬಿಸ್ಕೀಟು ಬೇಡ. ಚಿತ್ರಗಳಲ್ಲಿ ಮೊಲ ಯಾವಾಗಲೂ ಗಜ್ಜರಿ ತಿನ್ನುತ್ತಿರುತ್ತದೆ. ನಿಜದಲ್ಲಿ ಗಜ್ಜರಿ ಅದಕ್ಕೆ ಮಿಠಾಯಿ ಇದ್ದಂತೆ, ಒಂದು ಸಣ್ಣ ತುಂಡು ಸಾಕು. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಒರಟಾದ ಹುಲ್ಲನ್ನು ಅಗಿದರೆ ಮಾತ್ರ ಅದು ಸವೆದು ಅಳತೆಯಲ್ಲಿ ಉಳಿಯುತ್ತದೆ.

ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು ಮೊಲಕ್ಕೆ ಚಳಿಗಿಂತ ಕಠಿಣ. ಅದು ನಮ್ಮಂತೆ ಬೆವರುವುದಿಲ್ಲ. ಉದ್ದನೆಯ ಕಿವಿಗಳ ರಕ್ತನಾಳಗಳ ಮೂಲಕ ಶಾಖ ಹೊರಹಾಕುತ್ತದೆ. 30 ಡಿಗ್ರಿ ದಾಟಿದರೆ ತೊಂದರೆ ಪಡುತ್ತದೆ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಹಿಮಾಚಲ ಪ್ರದೇಶದ ಗಡ್ಸಾ ಮತ್ತು ತಮಿಳುನಾಡಿನ ಕೊಡೈಕನಾಲ್ ಹತ್ತಿರದ ಮನ್ನವನೂರಿನ ತನ್ನ ಕೇಂದ್ರಗಳಲ್ಲಿ ಮೊಲಗಳನ್ನು ಸಾಕುತ್ತದೆ. ಎರಡೂ ತಂಪಾದ ಬೆಟ್ಟದ ಊರುಗಳು. ನಮ್ಮ ಊರನ್ನು ಬೆಟ್ಟ ಮಾಡಲಾಗದು. ಆದರೆ ಗೂಡನ್ನು ಬೇವಿನ ನೆರಳಿಗೆ ಸರಿಸಬಹುದು, ತಗಡಿನ ಬದಲು ಹುಲ್ಲಿನ ಚಾವಣಿ ಹಾಕಬಹುದು, ಮೇಲೆ ಒದ್ದೆ ಗೋಣಿಚೀಲ ಹೊದಿಸಬಹುದು. ಒದ್ದೆ ಮಾಡಬೇಕಾದದ್ದು ಚಾವಣಿಯನ್ನು, ಮೊಲವನ್ನಲ್ಲ.

ಹೊಲದಲ್ಲಿ ಸಿಕ್ಕ ಮರಿ

ಕಬ್ಬು ಕಡಿಯುವಾಗ, ಹುಲ್ಲು ಕೊಯ್ಯುವಾಗ ಕಂದು ಬಣ್ಣದ ಮೊಲದ ಮರಿ ಸಿಗುವುದುಂಟು. ಅದನ್ನು ಮನೆಗೆ ತರಬೇಡಿ. ಅದು ಸಾಕುಮೊಲದ ಜಾತಿಯಲ್ಲ, ನಮ್ಮ ನಾಡಿನ ಕಾಡುಮೊಲ. ಸಾಕುಮೊಲದ ಮರಿಗಳು ಕಣ್ಣು ಮುಚ್ಚಿಕೊಂಡು, ಕೂದಲಿಲ್ಲದೆ ಹುಟ್ಟುತ್ತವೆ. ಕಾಡುಮೊಲದ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ಕೂದಲಿರುತ್ತದೆ. ತಾಯಿ ಅದನ್ನು ಹುಲ್ಲಿನಲ್ಲಿ ಬಿಟ್ಟು ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲು ಕುಡಿಸುತ್ತದೆ. ಒಂಟಿಯಾಗಿ ಕಂಡ ಮಾತ್ರಕ್ಕೆ ಅದು ಅನಾಥವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದು, ಸಾಕುವುದು ಅಪರಾಧ. ಸಿಕ್ಕ ಜಾಗದ ಹತ್ತಿರದಲ್ಲಿಯೇ ಪೊದೆಯ ಮರೆಗೆ ಬಿಟ್ಟುಬಿಡಿ.

ಆ ಹುಡುಗಿಯ ನೋಟ್‌ಬುಕ್

ಅಂದು ನಿಡಸೋಸಿಯ ಆ ಹುಡುಗಿಗೆ ಅರಳಿಯ ಕಥೆ ಹೇಳಿದೆ. ತರಗತಿ ಮೌನವಾಯಿತು. ನಂತರ ಅವಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು, "ದಿನಾ ಗೂಡು ಸ್ವಚ್ಛ ಮಾಡುವಾಗ ಕಂಡದ್ದನ್ನು ಒಂದು ಸಾಲಿನಲ್ಲಿ ಬರೆ" ಎಂದೆ.

ಎರಡು ತಿಂಗಳ ನಂತರ ಮತ್ತೆ ಹೋದಾಗ ಅವಳು ಓಡಿಬಂದು ನೋಟ್‌ಬುಕ್ ತೋರಿಸಿದಳು. ‘ಹಿಕ್ಕೆ ದುಂಡಗಿವೆ’, ‘ಹುಲ್ಲು ಪೂರಾ ತಿಂದಿದೆ’ ಎಂಬ ಸಾಲುಗಳ ನಡುವೆ ಒಂದು ದಿನ ‘ಮುಂಗಾಲು ಒದ್ದೆ ಆಗಿವೆ, ಯಾಕೆ?’ ಎಂದು ಬರೆದಿದ್ದಳು. ಮೊಲ ಸೋರುವ ಮೂಗನ್ನು ಮುಂಗಾಲಿನಿಂದಲೇ ಒರೆಸಿಕೊಳ್ಳುತ್ತದೆ. ಮೂಗು ಒಣಗಿ ಕಂಡರೂ ಕಾಲು ನಿಜ ಹೇಳುತ್ತದೆ. ಅವಳು ಅದೇ ದಿನ ತನ್ನ ಕಾಕಾನನ್ನು ಕರೆದುಕೊಂಡು ದನದ ದವಾಖಾನೆಗೆ ಹೋಗಿದ್ದಳು. ಡಾಕ್ಟರರು ಔಷಧ ಕೊಟ್ಟರಂತೆ, ಒಲೆಯ ಹೊಗೆ ತಾಗುವ ಜಾಗದಿಂದ ಗೂಡನ್ನು ಬೇರೆಡೆ ಇಡಲು ಹೇಳಿದರಂತೆ.

"ಈಗ ಹ್ಯಾಂಗೈತಿ?" ಎಂದೆ.

"ಆರಾಮೈತ್ರಿ ಸರ್. ಜಳಕಾ ಮಾತ್ರ ಮಾಡಸಿಲ್ಲರಿ" ಎಂದು ನಕ್ಕಳು.

ಈ ಸಲ ನಾನೂ ನಕ್ಕೆ.

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಮೊಲವಿದ್ದರೆ ಒಂದು ತಿಂಗಳು ದಿನವೂ ಈ ಐದನ್ನು ನೋಡಿ ಬರೆಯಿರಿ:

1. ಹಿಕ್ಕೆ ದುಂಡಗೆ, ಗಟ್ಟಿಯಾಗಿದೆಯೇ? ಮೆತ್ತಗಾಗಿ ಬಾಲಕ್ಕೆ ಅಂಟಿದೆಯೇ?
2. ರಾತ್ರಿ ಹಾಕಿದ ಹುಲ್ಲು ಖಾಲಿಯಾಗಿದೆಯೇ?
3. ಕಿವಿಯೊಳಗೆ ಹಕ್ಕಳೆ ಕಟ್ಟಿದೆಯೇ? ತಲೆ ಕೊಡವುತ್ತಿದೆಯೇ? (ಇದು ಕಜ್ಜಿ ಹುಳದ ಗುರುತು. ಹಕ್ಕಳೆ ಕೀಳಬೇಡಿ.)
4. ಮುಂಗಾಲಿನ ಒಳಬದಿ ಒಣಗಿದೆಯೇ?
5. ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ. ಮರಿಯ ತೂಕ ಏರುತ್ತಿದೆಯೇ?

ಭೇದಿಯಾದರೆ, ಅಥವಾ ಅರ್ಧ ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ಮೊಲ ತನ್ನ ನೋವನ್ನು ಬಚ್ಚಿಟ್ಟುಕೊಳ್ಳುವ ಪ್ರಾಣಿ. ಗುರುತು ಕಾಣುವ ಹೊತ್ತಿಗೆ ರೋಗ ಮುಂದೆ ಹೋಗಿರುತ್ತದೆ.

ಕೊನೆಯದಾಗಿ, ಮೊಲವನ್ನು ಮುಟ್ಟಿದ ಮೇಲೆ, ಗೂಡು ತೊಳೆದ ಮೇಲೆ ನಿಮ್ಮ ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಗಜಕರ್ಣ, ಕಜ್ಜಿ ಮೊಲದಿಂದ ನಮಗೂ ಬರಬಹುದು. ಸಾಬೂನು ಬೇಕಾದದ್ದು ನಿಮ್ಮ ಕೈಗೆ!